ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಒಲೆ ಮಾತ್ರ ದಿನಾಲೂ

ಗೋಕಾಕ ಎಂದೊಡನೆ ನಿಮಗೆ ಕರದಂಟು ನೆನಪಾದರೆ ತಪ್ಪೇನಿಲ್ಲ. ತುಪ್ಪದಲ್ಲಿ ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲವನ್ನೂ ಬೆಲ್ಲದ ಪಾಕಕ್ಕೆ ಹಾಕಿ ಹರವಿದರೆ ಆಯಿತು. ಬಾಣಂತಿಗಂತೂ ಅದು ಬೇಕೇ ಬೇಕು. ಆದರೆ ಆ ಬೆಲ್ಲದ ಹಿಂದೆ ಒಂದು ಹೊಳೆ ಇದೆ, ಒಂದು ಬೆಳೆ ಇದೆ, ವರ್ಷವಿಡೀ ಮನಸ್ಸಿನಲ್ಲೇ ಲೆಕ್ಕ ಹಾಕುವ ಹೆಂಗಸರಿದ್ದಾರೆ. ಇವತ್ತು ಆ ಲೆಕ್ಕವನ್ನೇ ಸ್ವಲ್ಪ ನೋಡೋಣ ಬನ್ನಿ.

ಹೊಳೆ ಎಂದರೆ ಘಟಪ್ರಭೆ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತ ಹುಕ್ಕೇರಿ ತಾಲ್ಲೂಕಿಗೆ ಬರುತ್ತದೆ. ಅಲ್ಲಿ ಹಿಡಕಲ್ ಜಲಾಶಯ, 51 ಟಿಎಂಸಿ ನೀರು ಹಿಡಿಯುವಂಥದು. ಮುಂದೆ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರ ಹಳೆಯ ಒಡ್ಡು. ಆಮೇಲೆ 171 ಅಡಿ ಎತ್ತರದಿಂದ ಬಂಡೆಯ ಮೇಲೆ ಧುಮುಕಿದರೆ ಅದೇ ಗೋಕಾಕ ಜಲಪಾತ. ನೋಡಲು ಹೋದವರೆಲ್ಲ ತೂಗುಸೇತುವೆ ಹತ್ತಿ ಬರುತ್ತಾರೆ, ಪಕ್ಕದ ನೂಲಿನ ಗಿರಣಿಯನ್ನು ಮಾತ್ರ ಮರೆಯುತ್ತಾರೆ. ಆ ನೀರನ್ನೇ ನಂಬಿ 1880ರ ದಶಕದಲ್ಲಿ ಕಟ್ಟಿದ ಗಿರಣಿ ಅದು.

ಪಶ್ಚಿಮಕ್ಕೆ ಮಳೆ ಹೆಚ್ಚು, ಪೂರ್ವಕ್ಕೆ ಹೋದಂತೆ ಕಡಿಮೆ. ಹಿಂದೆ ಗೋಕಾಕ ತಾಲ್ಲೂಕಿನಲ್ಲೇ ಇದ್ದ ಮೂಡಲಗಿ ಕಡೆಯ ಎರೆಭೂಮಿಗೆ ಕಾಲುವೆ ಬಂದಿತು. ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ಜೋಳ, ಶೇಂಗಾ. ಹೊಳೆ ಕೊಟ್ಟಂತೆ ಕಸಿದುಕೊಂಡದ್ದೂ ಉಂಟು. 2019ರ ಆಗಸ್ಟ್‌ನಲ್ಲಿ ಗೋಕಾಕ ಊರೊಳಗೇ ನೀರು ನುಗ್ಗಿತ್ತು.

ಇನ್ನು ಕಬ್ಬಿನ ಮಾತು. ನಾಟಿ ಮಾಡಿದ ಕಬ್ಬು ಕಟಾವಿಗೆ ಬರಲು ಹನ್ನೆರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಗೊಬ್ಬರದ ಅಂಗಡಿಯ ಉದ್ರಿ, ಸೊಸೈಟಿ ಸಾಲ, ಮಕ್ಕಳ ಫೀಸು ಯಾವುದೂ ನಿಲ್ಲುವುದಿಲ್ಲ, ಅಲ್ಲವೇ? ಕಳೆ ತೆಗೆಯುವವರು, ಬುತ್ತಿ ಒಯ್ಯುವವರು ಹೆಂಗಸರು. ಬಿಲ್ಲು ಜಮಾ ಆಗುವುದು ಮಾತ್ರ ಫ್ಯಾಕ್ಟರಿಯಲ್ಲಿ ಹೆಸರು ಬರೆಸಿದವರ ಖಾತೆಗೆ, ಎಂದರೆ ಹೆಚ್ಚಾಗಿ ಮನೆಯ ಯಜಮಾನರ ಖಾತೆಗೆ!

ಆ ಬಿಲ್ಲಿಗಾಗಿಯೇ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಕುಳಿತರು. ಟನ್ನಿಗೆ 3,500 ರೂಪಾಯಿ ಕೇಳಿದರು, 3,300ಕ್ಕೆ ಮುಗಿಯಿತು. ಇನ್ನೂರು ರೂಪಾಯಿ ಯಾವ ದೊಡ್ಡ ಮಾತು ಎನ್ನಬೇಡಿ. ಎಕರೆಗೆ ನಲವತ್ತು ಟನ್ ಬಂದರೆ ಎಂಟು ಸಾವಿರವಾಯಿತು. ನಾಲ್ಕು ಮಂದಿಯ ಮನೆಯಲ್ಲಿ ಎಷ್ಟು ದಿನದ ಸಂತೆ ಅದರಲ್ಲಿ ಆಗುತ್ತದೆ, ನೀವೇ ಹೇಳಿ.

ನಿಮಗೆ ಇದೂ ತಿಳಿದಿರಲಿ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಕಬ್ಬು ಕಳಿಸಿದ ತಾರೀಖು, ತೂಕದ ಚೀಟಿ ಇವೆರಡನ್ನೂ ಅಕ್ಕಿ ಡಬ್ಬಿಯ ಪಕ್ಕದಲ್ಲಿ ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ಗಂಡಸರು ಅಂಗಿ ಕಿಸೆಯಲ್ಲಿಟ್ಟರೆ ಒಗೆಯುವಾಗ ಹೋಗುವುದು ನಿಮಗೆ ಗೊತ್ತೇ ಇದೆ.

ಹಾಗಾದರೆ ನಡುವಿನ ತಿಂಗಳು ಒಲೆ ಉರಿಯುವುದು ಯಾವುದರಿಂದ? ಎಮ್ಮೆಯಿಂದ. ಕಬ್ಬಿನ ಸೋಗೆ ಮೇವಾಗುತ್ತದೆ. ಹಾಲು ಡೇರಿಗೆ ಹೋದರೆ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ಮೊತ್ತ ಸಣ್ಣದು, ಆದರೆ ಎಮ್ಮೆ ಕರೆದವಳ ಕೈಗೇ ಬರುವುದುಂಟು. ಎಣ್ಣೆ, ಸಾಬೂನು, ಮಗಳ ನೋಟುಬುಕ್ಕು ಎಲ್ಲ ಅದರಲ್ಲೇ. ಡೇರಿಯ ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ತೆಗೆದು ನೋಡಿ. ನಿಮ್ಮದಲ್ಲದಿದ್ದರೆ ಬದಲಿಸಿಕೊಡಿರೆಂದು ಮನೆಯಲ್ಲಿ ಕೇಳಲು ಕಬ್ಬಿನ ಬಿಲ್ಲು ಬಂದ ದಿನವೇ ಒಳ್ಳೆಯದು, ಅವತ್ತು ಎಲ್ಲರ ಮೋರೆಯೂ ನಗುತ್ತಿರುತ್ತದೆ.