ಸೋರುವ ಟಾಪು, ಬಾಗುವ ಅಂಟು

ತಾಂಡ್ಯ ಕೈಗಾರಿಕಾ ಪ್ರದೇಶದ ಬಳಿ ಹಾದು ನಂಜನಗೂಡು, ಗುಂಡ್ಲುಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. 2009ರಿಂದ ನಿಯಮ ಹೀಗೇ ಇದೆ. ಗೇಟು ತೆರೆಯುವ ತನಕ ಗಾಡಿಯಲ್ಲೇ ಮಲಗುವವರಿಗೆ ಟಾಪು ಸೋರುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಟೆಂಪೊ ಟ್ರಾವೆಲರ್‌ಗೋ ಮಿನಿ ಬಸ್ಸಿಗೋ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿ ಕ್ಯಾರವಾನ್ ಮಾಡಿಕೊಂಡವರಿಗೆ ಈ ಕಾಟ ಇನ್ನೂ ಹೆಚ್ಚು. ಬಸ್ಸಿನ ಸೀಟು ನೆಂದರೆ ಒರೆಸಿ ಕೂರಬಹುದು. ಪ್ಲೈವುಡ್ಡು, ಹಾಸಿಗೆ, ವೈರಿಂಗು ನೆಂದರೆ ಗಾಡಿಯೇ ಒಳಗಿಂದ ಕೊಳೆಯತೊಡಗುತ್ತದೆ.

ಟಾಪು ಒಂದೇ ತಗಡಲ್ಲ. ಶೀಟಿನ ಮೇಲೆ ಶೀಟು ಕೂರಿಸಿ ರಿವೆಟ್ ಹೊಡೆದಿರುತ್ತಾರೆ, ಅಂಚಿಗೆ ಬೀಡಿಂಗ್ ಓಡಿಸಿರುತ್ತಾರೆ, ಮೇಲೆ ಲಗೇಜು ಕ್ಯಾರಿಯರ್‌ನ ಬೋಲ್ಟುಗಳು. ನೀರು ನುಗ್ಗುವುದು ಈ ಕೂಡುವ ಜಾಗಗಳಲ್ಲೇ. ಅಲ್ಯೂಮಿನಿಯಂ ಮೀಟರಿಗೆ, ಒಂದು ಡಿಗ್ರಿ ಬಿಸಿಗೆ, ಸುಮಾರು 0.023 ಮಿಲಿಮೀಟರ್ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಐದು ಮೀಟರ್ ಉದ್ದದ ಶೀಟು ಮುಂಜಾನೆ 20 ಡಿಗ್ರಿಯಲ್ಲಿದ್ದು ಏಪ್ರಿಲ್ ಮಧ್ಯಾಹ್ನ 65ಕ್ಕೆ ಏರಿದರೆ ಹಿಗ್ಗುವುದು ಐದು ಮಿಲಿಮೀಟರಿಗೂ ಹೆಚ್ಚು. ಉಕ್ಕಾದರೆ ಅದರ ಅರ್ಧ. ಸಂಜೆ ಮತ್ತೆ ಕುಗ್ಗುತ್ತದೆ. ಇದು ದಿನವೂ ನಡೆಯುವ ಎಳೆದಾಟ. ಜೊತೆಗೆ ರಸ್ತೆಯ ಗುಂಡಿಗಳ ಕುಲುಕಾಟ. ಸಂದಿಗೆ ತುಂಬುವ ವಸ್ತು ಅಷ್ಟನ್ನೂ ತಾಳಿಕೊಂಡು ಎರಡೂ ಬದಿಗೆ ಹಿಡಿದುಕೊಂಡಿರಬೇಕು. ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆ ಸೋಲುವುದು ಇಲ್ಲೇ.

ಈ ಪಾಠ ನಮ್ಮ ನದಿಗೆ ಬಹಳ ಹಿಂದೆಯೇ ಗೊತ್ತು. ಇದೇ ಹೆದ್ದಾರಿ ಮೈಸೂರನ್ನು ದಾಟಿ ತಿರುಮಕೂಡಲು ನರಸೀಪುರಕ್ಕೆ ಹೋಗುತ್ತದೆ. ಅಲ್ಲಿ ಕಪಿಲೆ ಕಾವೇರಿಯನ್ನು ಕೂಡುವ ಸಂಗಮದಲ್ಲಿ ಜನ ತೆಪ್ಪ ಹತ್ತುತ್ತಾರೆ. ಗ್ರಂಥಗಳು ಹರಿಗೋಲು ಎನ್ನುವ ಆ ದುಂಡನೆಯ ದೋಣಿಗೆ ಹಲಗೆ, ಮೊಳೆ ಯಾವುದೂ ಇಲ್ಲ. ಸೀಳಿದ ಬಿದಿರಿನ ಹೆಣಿಗೆಯೇ ಅದರ ಮೈ. ಹೊರಗೆ ಹಿಂದೆಲ್ಲ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ತುಂಗಭದ್ರೆಯಲ್ಲಿ ಕಂಡು, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆಂದು ಬರೆದಿಟ್ಟಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಾಯಿಸಿದ ಡಾಂಬರು ಬಂದಿದೆ. ಬಂಡೆ ತಾಗಿದಾಗ ಬಿದಿರು ಬಾಗುತ್ತದೆ, ಡಾಂಬರೂ ಅದರೊಂದಿಗೆ ಬಾಗುತ್ತದೆ. ಸವೆದಲ್ಲಿ ಮತ್ತೆ ಬಳಿಯುತ್ತಾರೆ. ಸೋರಿಕೆ ತಡೆಯುವ ವಿದ್ಯೆಯಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ನಂಬಿಗಸ್ತ ಗುರು ನಮ್ಮ ಸೀಮೆಯಲ್ಲಿಲ್ಲ ಎನ್ನುವುದು ನನ್ನ ಭಾವನೆ.

ಹಾಗೆಂದು ಅದೇ ಡಾಂಬರನ್ನು ಗಾಡಿಯ ಟಾಪಿಗೆ ಬಳಿದರೆ ಕೆಲಸ ಕೆಡುತ್ತದೆ. ರಸ್ತೆಗೆ ಹಾಕುವ ಡಾಂಬರು 50 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ತೆಪ್ಪದ ತಳವನ್ನು ಹೊಳೆಯ ನೀರೇ ತಂಪಾಗಿಡುತ್ತದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಅದು ಕರಗಿ ಹರಿದು ಕಿಟಕಿಗೆ ಇಳಿಯುತ್ತದೆ. ಅಂಟು ಆರಿಸುವ ಮುನ್ನ ಅದು ಬದುಕಬೇಕಾದ ಜಾಗವನ್ನು ನೋಡಬೇಕು.

ಮನೆಯಲ್ಲಿ ಏನು ಸೋರಿದರೂ ನಮ್ಮ ಕೈ ಮೊದಲು ಹೋಗುವುದು ಎಂ-ಸೀಲ್‌ಗೆ. ಅಲ್ಲಾಡದ ಪೈಪಿಗೆ ಅದು ಸರಿ. ಅದು ಎಪಾಕ್ಸಿ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಿಗ್ಗಿ ಕುಗ್ಗುವ ಸಂದಿಯಲ್ಲಿ ಬಿರುಕು ಬಿಡುತ್ತದೆ. ಎರಡನೆಯ ಆಸೆ ಬಾತ್‌ರೂಮಿಗೆ ಹಾಕುವ ಸಿಲಿಕಾನ್. ವಿನೆಗರ್ ವಾಸನೆ ಬರುವ ಬಗೆಯದು ಒಣಗುವಾಗ ಆಮ್ಲ ಬಿಡುತ್ತದೆ, ಲೋಹವನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಿಲಿಕಾನ್ ಇದ್ದ ಜಾಗಕ್ಕೆ ಪೇಂಟು ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಹಳೆಯ ಗಾಡಿಗೆ ಇದು ಬೇಡವೇ ಬೇಡ ಎನ್ನುತ್ತೇನೆ.

ಮುಂಗಾಜು ಕೂರಿಸಲು ಬಳಸುವ ಪಾಲಿಯುರೆಥೇನ್, ಅಂಗಡಿಯ ಮಾತಿನಲ್ಲಿ ಪಿಯು ಸೀಲೆಂಟ್, ಟಾಪಿನ ಸಂದಿಗೆ ಒಗ್ಗುತ್ತದೆ. ಗಾಳಿಯ ತೇವ ಹೀರಿ ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಗಟ್ಟಿಯಾಗುತ್ತದೆ, ರಬ್ಬರಿನ ಗುಣ ಉಳಿಸಿಕೊಳ್ಳುತ್ತದೆ, ಮೇಲೆ ಪೇಂಟು ಹೊಡೆಯಬಹುದು. ಹೊಡೆಯಲೇಬೇಕು, ಏಕೆಂದರೆ ಬಿಸಿಲು ಅದನ್ನು ನಿಧಾನವಾಗಿ ಪುಡಿ ಮಾಡುತ್ತದೆ. ಹಸಿಯಾಗಿರುವಾಗ ಅದರಲ್ಲಿ ಐಸೊಸಯನೇಟ್ ಇರುವುದರಿಂದ ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಜಪಾನಿನ ಕನೇಕಾ ಕಂಪನಿ 1970ರ ದಶಕದ ಕೊನೆಗೆ ತಂದ ಎಂಎಸ್ ಪಾಲಿಮರ್‌ನಲ್ಲಿ ಆ ರಾಸಾಯನಿಕದ ಭಯವಿಲ್ಲ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ಸಿಕ್ಕರೆ ನನ್ನ ಆಯ್ಕೆ ಅದೇ. ಬೀಡಿಂಗ್ ಮತ್ತು ಕ್ಯಾರಿಯರ್ ಕಾಲಿನ ಅಡಿಗೆ ಮಾತ್ರ ಎಂದೂ ಗಟ್ಟಿಯಾಗದ ಬ್ಯುಟೈಲ್ ಟೇಪು ಇಟ್ಟು, ಸ್ಕ್ರೂ ಬಿಗಿದು, ಹೊರಗೆ ಉಬ್ಬಿ ಬಂದದ್ದನ್ನು ಕತ್ತರಿಸುವುದು ಲೇಸು. ಟ್ಯೂಬಿನ ಮೇಲಿನ ಎಕ್ಸ್‌ಪೈರಿ ತಾರೀಕನ್ನು ನೋಡದೆ ದುಡ್ಡು ಕೊಡಬೇಡಿ. ಹಳತಾದ ಪಿಯು ಟ್ಯೂಬಿನೊಳಗೇ ಗಟ್ಟಿಯಾಗಿರುತ್ತದೆ.

ಕೆಲಸದ ಹೆಚ್ಚು ಪಾಲು ಇರುವುದು ಸೀಲೆಂಟ್ ಗನ್ ಹಿಡಿಯುವ ಮುನ್ನ. ಹಳೆಯ ಅಂಟಿನ ಮೇಲೆ ಹೊಸದನ್ನು ಮೆತ್ತಿದರೆ ಹಳೆಯದು ಕಿತ್ತುಬಂದಾಗ ಹೊಸದೂ ಬರುತ್ತದೆ. ಎಲ್ಲವನ್ನೂ ಕೆರೆದು, ತುಕ್ಕು ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಪ್ರೈಮರ್ ಹಚ್ಚಬೇಕು. ಸೋರುವ ಜಾಗ ಹುಡುಕುವಾಗ ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ, ಸಂದಿ ಸಂದಿಗೂ ನಿಂತು ಬಿಡಿ. ಟಾರ್ಚು ಹಿಡಿದು ಒಬ್ಬರು ಒಳಗೆ ಕೂತಿರಲಿ. ಹನಿ ಬೀಳುವ ಜಾಗ ಒಂದು, ನೀರು ನುಗ್ಗುವ ಜಾಗ ಇನ್ನೊಂದು ಆಗಿರುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ತಕ್ಕ ಕಾಲ ಫೆಬ್ರುವರಿ, ಮಾರ್ಚ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಸಂದಿ ಒಣಗುವುದು ಕಷ್ಟ. ಬೆಳಗಿನ ಚಳಿಯಲ್ಲೂ ಬೇಡ, ನಡುಮಧ್ಯಾಹ್ನವೂ ಬೇಡ. ತಗಡು ಬೆಚ್ಚಗಿದ್ದಾಗ ಹಚ್ಚಿದರೆ ಮುಂದೆ ಹಿಗ್ಗಲೂ ಕುಗ್ಗಲೂ ಜಾಗವಿರುತ್ತದೆ. ಅದಕ್ಕೂ ಮೊದಲು ಒಳಗಿನ ಪ್ಲೈವುಡ್ ಬಿಚ್ಚಿ ಬಿಸಿಲಿಗೆ ಒಣಗಿಸಿ. ತೇವವನ್ನು ಒಳಗೇ ಇಟ್ಟು ಸಂದಿ ಮುಚ್ಚಿದರೆ ಮರ ಕೊಳೆಯುವುದು ನಿಲ್ಲುವುದಿಲ್ಲ.