ತಲೆಯ ಹಿಂಬದಿಯ ಗಾಯದ ಗೆರೆ ಮರೆಯಾದೀತೇ?

ಪ್ರಶ್ನೆ: ಕೂದಲು ಕಸಿ ಮಾಡಿಸಿಕೊಂಡವರ ಹಿಂದಲೆಯಲ್ಲಿ ಉಳಿಯುವ ಗೆರೆಯನ್ನು ಅಳಿಸಬಹುದೇ?
– ಓದುಗರು, ಆರ್.ಎಚ್. ಕ್ಯಾಂಪ್, ಸಿಂಧನೂರು

ಉತ್ತರ: ಪೂರ್ತಿ ಅಳಿಸಲಾಗದು, ಮರೆಮಾಡಬಹುದು. ಕಸಿಗೆಂದು ಹಿಂದಲೆಯಿಂದ ಚರ್ಮದ ಪಟ್ಟಿ ಕತ್ತರಿಸಿ ತೆಗೆಯುವ ವಿಧಾನದಲ್ಲಿ ಉದ್ದನೆಯ ಗೆರೆ ಉಳಿಯುತ್ತದೆ. ಒಂದೊಂದೇ ಬೇರು ಕೀಳುವ ವಿಧಾನದಲ್ಲಿ ಬಿಳಿ ಚುಕ್ಕೆಗಳು. ಗಾಯದ ಅಂಗಾಂಶದಲ್ಲಿ ಕೂದಲಿನ ಬೇರು ಇರುವುದಿಲ್ಲ, ಆದ್ದರಿಂದ ಯಾವ ಎಣ್ಣೆ, ಮುಲಾಮೂ ಅಲ್ಲಿ ಕೂದಲು ಹುಟ್ಟಿಸದು. ಹಾಗಾದರೆ ಗೆರೆಯನ್ನೇ ಕತ್ತರಿಸಿ ಮತ್ತೆ ಹೊಲಿದರಾಗದೇ ಎಂದು ಕೇಳಬಹುದು. ನೆತ್ತಿಯ ಚರ್ಮ ಸಡಿಲವಿದ್ದವರಿಗೆ ಅದು ಫಲ ಕೊಟ್ಟೀತು; ಬಿಗಿಯಿದ್ದರೆ ಎಳೆತಕ್ಕೆ ಗೆರೆ ಮತ್ತೆ ಅಗಲವಾಗುತ್ತದೆ. ಅದಕ್ಕೇ ನನ್ನ ಮತ, ಮೊದಲು ಕತ್ತರಿಯಿಲ್ಲದ ದಾರಿ ನೋಡಬೇಕು. ಸುತ್ತಲಿನ ಕೂದಲನ್ನು ತುಸು ಉದ್ದ ಬಿಡುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ. ಗಿಡ್ಡ ಕೂದಲೇ ಬೇಕೆಂದವರಿಗೆ ಸೂಜಿಯಿಂದ ಬಣ್ಣದ ಸಣ್ಣ ಚುಕ್ಕೆಗಳನ್ನಿಡುವ ಕ್ರಮವಿದೆ. ಅದು ಹಚ್ಚೆಯೇ ಅಲ್ಲವೇ ಎನ್ನುವ ಆಕ್ಷೇಪ ಸಹಜ; ಆದರೆ ಸಾಮಾನ್ಯ ಹಚ್ಚೆಯ ಶಾಯಿ ಕಾಲಕ್ರಮೇಣ ನೀಲಿ ತಿರುಗಿ ಹರಡಬಹುದು, ಹಾಗಾಗಿ ಇದಕ್ಕೆ ಬೇರೆ ಬಣ್ಣ, ಬೇರೆ ಆಳ ಬೇಕು. ಕೆಲವು ವರ್ಷಗಳಿಗೆ ಬಣ್ಣ ಮಾಸುತ್ತದೆ, ಮತ್ತೆ ತುಂಬಿಸಬೇಕಾಗುತ್ತದೆ. ಗೆರೆಯೊಳಗೇ ಕೂದಲು ನೆಡುವುದೂ ಸಾಧ್ಯ. ಅಲ್ಲಿ ರಕ್ತಸಂಚಾರ ಕಡಿಮೆಯಾದ್ದರಿಂದ ಎಲ್ಲವೂ ಬದುಕವು. ಮೊದಲು ಕೆಲವನ್ನಷ್ಟೇ ನೆಟ್ಟು ನೋಡುವುದು ಜಾಣತನ. ಉಬ್ಬಿದ ಗಾಯದ ಗೆರೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ.

ಗಾಯ ಮಾಗಲು ಸುಮಾರು 1 ವರ್ಷ ಬೇಕು, ಅವಸರ ಬೇಡ. ಸಲೂನು, ಬ್ಯೂಟಿ ಪಾರ್ಲರುಗಳ ಮಾತು ನಂಬದೆ, ಮೊದಲು ರಾಯಚೂರಿನ ರಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ತಜ್ಞರಿಗೆ ತೋರಿಸಿ.