ಉಸಿರಲ್ಲಿ ಬರೆದ ಕುದುರೆಗಳು

ಎರಡು ಕುದುರೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ಮೈತುಂಬ ಕಪ್ಪು ಚುಕ್ಕೆ. ವಯಸ್ಸು ಸುಮಾರು 29,000 ವರ್ಷ! ಬರೆದವರು ಯಾವ ಬಂಡೆಯ ಮೇಲೆ ಬರೆದರೋ ಅದೇ ಬಂಡೆ, ಅದೇ ಕತ್ತಲು, ನಡುವೆ ಗಾಜೂ ಇಲ್ಲ. ನಾನು ಮಾತು ಮರೆತು ನಿಂತುಬಿಟ್ಟೆ.

ದಕ್ಷಿಣ ಫ್ರಾನ್ಸಿನ ಕಾಬ್ರೆರೆ ಎಂಬ ಹಳ್ಳಿಯ ಮೇಲಿನ ಗುಡ್ಡದೊಳಗಿದೆ ಈ ಪೆಶ್ ಮೆರ್ಲ್ ಗುಹೆ. ಗೈಡ್ ಮುಂದೆ, ನಮ್ಮ ಗುಂಪು ಹಿಂದೆ. ಫೋಟೊ ತೆಗೆಯುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ. ಮೆಟ್ಟಿಲಿಳಿದರೆ ಹೊರಗೆ ಎಂಥ ಬಿಸಿಲಿದ್ದರೂ ಒಳಗೆ 12 ಡಿಗ್ರಿ ಚಳಿ. 1922ರಲ್ಲಿ ಈ ಚಿತ್ರಗಳನ್ನು ಮೊದಲು ಕಂಡವರು ಆಂದ್ರೆ ದಾವಿದ್, ಆನ್ರಿ ದ್ಯುತೆರ್ತ್ರ್ ಎಂಬ ಹದಿಹರೆಯದ ಹುಡುಗರು! ಗುಹೆಗಳನ್ನು ಹುಡುಕುವ ಹುರುಪು ತುಂಬಿದವರು ಊರಿನ ಪಾದ್ರಿ ಲೆಮೋಜಿ.

ಬಲಗಡೆಯ ಕುದುರೆಯನ್ನು ನೋಡಬೇಕು. ಅಲ್ಲಿ ಬಂಡೆಯ ಅಂಚೇ ಕುದುರೆಯ ಮೋರೆಯ ಹಾಗೆ ಮುಂದಕ್ಕೆ ಚಾಚಿದೆ. ಕಲ್ಲಿನಲ್ಲಿ ಕುದುರೆ ಮೊದಲೇ ಇತ್ತು. ಯಾವನೋ ಕಲಾವಿದನಿಗೆ, ಅಥವಾ ಕಲಾವಿದೆಗೆ, ಅದು ಕಂಡಿತು! ಸುತ್ತಲೂ ಅಂಗೈಗಳು. ಗೋಡೆಗೆ ಕೈಯೊತ್ತಿ, ಮೇಲೆ ಬಣ್ಣ ಊದಿ, ಕೈ ತೆಗೆದಾಗ ಉಳಿದ ಗುರುತುಗಳವು. ಐದು ಬೆರಳೂ ಸ್ಪಷ್ಟ.

ಊದಿದ್ದು ಹೇಗೆ? ಮೀಶೆಲ್ ಲೊರ್ಬ್ಲಾಂಶೆ ಎಂಬ ಪುರಾತತ್ವಜ್ಞರು ಇದೇ ಚಿತ್ರವನ್ನು ಇನ್ನೊಂದು ಗುಹೆಯಲ್ಲಿ ತಾವೇ ಬರೆದು ನೋಡಿದರು. ಇದ್ದಿಲನ್ನು ಬಾಯಿಗೆ ಹಾಕಿಕೊಂಡು, ಜಗಿದು, ಎಂಜಲಲ್ಲಿ ಕಲಸಿ, ಗೋಡೆಗೆ ಫೂ ಫೂ ಎಂದು ಉಗುಳುತ್ತ! ಆಸ್ಟ್ರೇಲಿಯಾದ ಮೂಲನಿವಾಸಿಗಳಿಂದ ಅರಿತ ವಿದ್ಯೆ ಅದು. ಅಂಗೈಯನ್ನು ಅಡ್ಡ ಹಿಡಿದರೆ ಗೆರೆಯ ಒಂದು ಬದಿ ಚೂಪಾಗುತ್ತದೆ, ಇನ್ನೊಂದು ಬದಿಯಲ್ಲಿ ಬಣ್ಣ ಮಂಜಿನಂತೆ ಹರಡುತ್ತದೆ. ಇಡೀ ಚಿತ್ರಕ್ಕೆ 32 ಗಂಟೆ ಹಿಡಿಯಿತು. ಈ ಕುದುರೆಗಳನ್ನು ಬರೆದದ್ದು ಉಸಿರು ಎಂದು ತಿಳಿದ ಮೇಲೆ ಅವನ್ನು ಮೊದಲಿನಂತೆ ನೋಡಲು ನನಗೆ ಆಗಲೇ ಇಲ್ಲ.

ಚುಕ್ಕೆಗಳ ಕಥೆ ಇನ್ನೂ ಸೊಗಸು. ಇಂಥ ಕುದುರೆ ಆಗ ಇರಲಿಕ್ಕಿಲ್ಲ, ಇದೇನೋ ಕಲ್ಪನೆ, ಮಾಂತ್ರಿಕ ಚಿಹ್ನೆ ಎಂದು ಎಷ್ಟೋ ವಿದ್ವಾಂಸರು ನಂಬಿದ್ದರು. 2011ರಲ್ಲಿ ವಿಜ್ಞಾನಿಗಳು ಪ್ರಾಚೀನ ಕಾಡುಕುದುರೆಗಳ ಮೂಳೆ, ಹಲ್ಲುಗಳ ಡಿಎನ್‌ಎ ಪರೀಕ್ಷಿಸಿದರು. 31 ಕುದುರೆಗಳಲ್ಲಿ 6ಕ್ಕೆ ಚುಕ್ಕೆಯ ಜೀನ್ ಇತ್ತು! ಅಂದರೆ ಇಂಥ ಕುದುರೆಗಳು ಆ ಕಾಲದಲ್ಲಿ ನಿಜವಾಗಿಯೂ ಓಡಾಡುತ್ತಿದ್ದವು. ಕಲಾವಿದ ಕಂಡದ್ದನ್ನೇ ಬರೆದಿರಬಹುದು.

ಮುಂದೆ ಒಂದು ಓಕ್ ಮರದ ಬೇರು ಗುಹೆಯ ಮಾಳಿಗೆ ಸೀಳಿ ನೆಲದವರೆಗೆ ಇಳಿದಿದೆ. ಇನ್ನೊಂದು ಕಡೆ, ಕೆಸರು ಕಲ್ಲಾದ ಜಾಗದಲ್ಲಿ, ಬರಿಗಾಲಿನ ಪುಟ್ಟ ಹೆಜ್ಜೆಗಳು. ಎಳೆಯ ಹರೆಯದ ಯಾರೋ ಇಲ್ಲಿ ನಡೆದು ಹೋಗಿದ್ದಾರೆ. ಹಿಮ್ಮಡಿ, ಹೆಬ್ಬೆರಳು ಎಲ್ಲ ಹಾಗೇ ಇವೆ!

1940ರಲ್ಲಿ ಸಿಕ್ಕ ಜಗತ್ಪ್ರಸಿದ್ಧ ಲಾಸ್ಕೋ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿದರು. ಜನರ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್‌ಗಳಿಂದ ಅಲ್ಲಿನ ಚಿತ್ರಗಳು ಕೆಡತೊಡಗಿದ್ದವು. ಈಗ ಅಲ್ಲಿ ನೋಡಸಿಗುವುದು ಪ್ರತಿಕೃತಿ ಮಾತ್ರ. ಪೆಶ್ ಮೆರ್ಲ್‌ನಲ್ಲಿ ಇನ್ನೂ ಮೂಲವೇ ಸಿಗುತ್ತದೆ, ಆದರೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಫ್ರಾನ್ಸಿಗೆ ಹೋಗುವವರು ಪ್ಯಾರಿಸ್‌ನಲ್ಲೇ ರಜೆ ಮುಗಿಸಬೇಡಿ. ಟಿಕೆಟ್ ಮೊದಲೇ ಕಾದಿರಿಸಿ, ಒಂದು ಸ್ವೆಟರ್ ಇಟ್ಟುಕೊಂಡು ಇಲ್ಲಿಗೆ ಹೋಗಿಬನ್ನಿ.